ಅಪ್ಪನ ಹೆಗಲು, ಸಣ್ಣ ತೂತಿನ ಆಪರೇಷನ್: ‘ಹೂಂ’ ಅನ್ನುವ ಮುನ್ನ

ಭಾನುವಾರ ಬೆಳಿಗ್ಗೆ ಸಾಲಗುಂದದಿಂದ ಫೋನು. ಕಾಲುವೆ ನೀರು, ಭತ್ತದ ರೇಟು, ಓಣಿಯ ಮದುವೆ ಎಲ್ಲಾ ಮುಗಿದ ಮೇಲೆ ಅವ್ವ ಮೆಲ್ಲಗೆ ಹೇಳ್ತಾಳೆ: “ನಿಮ್ಮಪ್ಪಗ ರಟ್ಟಿ ಮ್ಯಾಲೆ ಏಳವಲ್ದು ನೋಡು. ರಾತ್ರಿ ಆ ಮಗ್ಗಲಾಗಿ ಮಲಗಾಕ ಆಗವಲ್ದು. ಎರಡು ತಿಂಗಳಾತು.” ಹಿಂದಿನಿಂದ ಅಪ್ಪನ ದನಿ: “ಏನೂ ಆಗಿಲ್ಲ, ಎಣ್ಣಿ ಹಚ್ಚೀನಿ, ಕಡಿಮಿ ಆಕ್ಕೈತಿ.”

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಬಂದು ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸ ಮಾಡುವವರಿಗೆ ಇಂಥ ಫೋನು ಹೊಸದೇನಲ್ಲ. ಮುಂದೆ ಆಗೋದೂ ಗೊತ್ತಿರೋದೇ. ಸಿಂಧನೂರಿನಲ್ಲಿ ಒಂದು ಇಂಜೆಕ್ಷನ್. ಆಮೇಲೆ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಒಂದು ಎಂಆರ್‌ಐ. ಅದರ ರಿಪೋರ್ಟಿನ ಮಸುಕು ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಮುಂದೆ. ಕೊನೆಗೆ ಒಂದು ಪ್ರಶ್ನೆ: “ತೂತು ಮಾಡಿ ಆಪರೇಷನ್ ಮಾಡ್ತಾರಂತ, ಮರುದಿನಾನೇ ಮನಿಗೆ ಬರಬಹುದಂತ. ಮಾಡಿಸೋಣೇನು?”

ಎರಡು ಮೀಟಿಂಗ್‌ಗಳ ನಡುವೆ ಈ ಪ್ರಶ್ನೆಗೆ ಉತ್ತರ ಕೊಡಬೇಡಿ. ಭುಜದ ಕೀಹೋಲ್ ಸರ್ಜರಿ, ಅಂದರೆ ಆರ್ತ್ರೊಸ್ಕೊಪಿ, ಒಳ್ಳೆಯ ಚಿಕಿತ್ಸೆಯೇ. ಆದರೆ ಅದು ಎಲ್ಲ ಭುಜನೋವಿಗೂ ಅಲ್ಲ. ಇನ್ನೊಂದು ಮಾತು ಜಾಹೀರಾತಿನಲ್ಲಿ ಬರೋದಿಲ್ಲ: ಇದರಲ್ಲಿ ಸಣ್ಣದಾಗೋದು ಚರ್ಮದ ಗಾಯ ಮಾತ್ರ. ಒಳಗಿನದು ಮಾಯೋಕೆ ಹಿಡಿಯುವ ಕಾಲ ಸಣ್ಣದಾಗೋದಿಲ್ಲ.

ಹೆಗಲೊಳಗೆ ಏನಿದೆ?

ಸೊಂಟದ ಕೀಲು ಆಳದ ಬಟ್ಟಲಿನಲ್ಲಿ ಕೂತ ಚೆಂಡಿನಂತೆ. ಭುಜ ಹಾಗಲ್ಲ. ಚಪ್ಪಟೆ ತಟ್ಟೆಯ ಮೇಲೆ ದೊಡ್ಡ ಚೆಂಡು ಇಟ್ಟಂತೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಸುಲಭವಾಗಿ ಜಾರುತ್ತದೆ ಕೂಡ. ಚೆಂಡು ತಟ್ಟೆ ಬಿಟ್ಟು ಹೋಗದಂತೆ ಹಿಡಿದಿರೋದು ಮೂರು. ತಟ್ಟೆಯ ಸುತ್ತಲಿನ ಮೆತ್ತನೆಯ ಅಂಚು, ಕೀಲನ್ನು ಸುತ್ತಿದ ತೆಳುವಾದ ಚೀಲ, ಮತ್ತು ನಾಲ್ಕು ಮಾಂಸಖಂಡಗಳ ಹುರಿಗಳು. ಈ ನಾಲ್ಕು ಹುರಿಗಳ ಗುಂಪಿಗೆ ಡಾಕ್ಟರು ರೋಟೇಟರ್ ಕಫ್ ಅಂತಾರೆ. ಊರಲ್ಲಿ “ನರ ಹರದೈತಿ” ಅಂತಾರಲ್ಲ, ಬಹಳ ಸಲ ಹರಿದಿರೋದು ನರ ಅಲ್ಲ, ಈ ಹುರಿ.

ನಮ್ಮ ಭತ್ತದ ಸೀಮೆಯ ಕೆಲಸ ಈ ಹುರಿಯ ಮೇಲೇ ಬೀಳುತ್ತದೆ. 75 ಕೆ.ಜಿ. ಚೀಲ ಹೆಗಲಿಗೇರಿಸುವ ಹಮಾಲರು, 16 ಲೀಟರ್ ಪಂಪು ಬೆನ್ನಿಗೆ ಕಟ್ಟಿ ಇಡೀ ದಿನ ಹಿಡಿಕೆ ಒತ್ತುವವರು, ವರ್ಷಗಟ್ಟಲೆ ರೊಟ್ಟಿ ಬಡಿದ ಅವ್ವಂದಿರು. ಕೊಯ್ಲಿಗೆ ಯಂತ್ರ ಬಂದಿದೆ, ನಿಜ. ಚೀಲ ಎತ್ತೋದು ಇನ್ನೂ ಮನುಷ್ಯರೇ. ಇತ್ತ ಸಿಟಿಯಲ್ಲಿರುವ ನಾವೂ ಪಾರಾಗಿಲ್ಲ. ಬೈಕಿನಿಂದ ಬಿದ್ದವರು, ಜಿಮ್‌ನಲ್ಲಿ ಅವಸರ ಮಾಡಿದವರು, ವಾಲಿಬಾಲ್, ಕಬಡ್ಡಿಯಲ್ಲಿ ಭುಜ ಜಾರಿಸಿಕೊಂಡವರು ಎಲ್ಲ ಆಫೀಸಿನಲ್ಲೂ ಒಬ್ಬರಾದರೂ ಸಿಗ್ತಾರೆ.

ನಾಲ್ಕು ನೋವು, ನಾಲ್ಕು ದಾರಿ

“ಭುಜನೋವು” ಅನ್ನೋದು ಒಂದೇ ಕಾಯಿಲೆಯಲ್ಲ. ಆಪರೇಷನ್ ಬೇಕೋ ಬೇಡವೋ ಅನ್ನೋದು ಯಾವ ನೋವು ಅನ್ನೋದರ ಮೇಲೆ ನಿಂತಿದೆ.

*ಒಂದು, ಉಜ್ಜಾಟದ ನೋವು.* ಕೈ ಪಕ್ಕದಿಂದ ಎತ್ತುವಾಗ ನಡುವೆ ಒಂದು ಕಡೆ ಚುಚ್ಚುತ್ತದೆ, ದಾಟಿದರೆ ಸರಾಗ. ಹುರಿ ಮೇಲಿನ ಮೂಳೆಯ ಚಾವಣಿಗೆ ಉಜ್ಜುತ್ತಿದೆ ಅಂತ ಹೇಳಿ, ಆ ಮೂಳೆಯನ್ನು ಕೀಹೋಲ್ ಮೂಲಕ ಸ್ವಲ್ಪ ಕೆರೆಯೋದು ವರ್ಷಗಟ್ಟಲೆ ನಡೆದುಬಂತು. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರಿಗೆ ಮೂಳೆ ಕೆರೆದರು, ಕೆಲವರಿಗೆ ತೂತು ಮಾಡಿ ಒಳಗೆ ನೋಡಿ ಸುಮ್ಮನೆ ಮುಚ್ಚಿದರು. ಆರು ತಿಂಗಳಿಗೆ ನೋಡಿದರೆ ಇಬ್ಬರ ಸ್ಥಿತಿಯೂ ಹೆಚ್ಚುಕಡಿಮೆ ಒಂದೇ! 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ತಂಡ ಈ ಆಪರೇಷನ್ ಬೇಡ ಅಂತಲೇ ಸಲಹೆ ಕೊಟ್ಟಿತು. ಈ ನೋವಿಗೆ ವ್ಯಾಯಾಮ, ಕೆಲಸದಲ್ಲಿ ಬದಲಾವಣೆ, ಬೇಕಾದರೆ ಒಂದು ಇಂಜೆಕ್ಷನ್. ಇದೇ ದಾರಿ.

*ಎರಡು, ಬಿಗಿದುಕೊಂಡ ಭುಜ.* ಇದೇ ಫ್ರೋಜನ್ ಶೋಲ್ಡರ್. ಕೀಲಿನ ಚೀಲ ದಪ್ಪಗಾಗಿ ಕುಗ್ಗುತ್ತದೆ. 40ರಿಂದ 60 ವಯಸ್ಸಿನವರಲ್ಲಿ, ಹೆಂಗಸರಲ್ಲಿ, ಶುಗರ್ ಮತ್ತು ಥೈರಾಯ್ಡ್ ತೊಂದರೆ ಇರುವವರಲ್ಲಿ ಹೆಚ್ಚು. ಅವ್ವ “ಕುಪ್ಪಸದ ಗುಂಡಿ ಹಾಕಾಕ ಆಗವಲ್ದು, ತಲಿ ಬಾಚಾಕ ಆಗವಲ್ದು” ಅಂದರೆ ಮೊದಲು ಇದನ್ನೇ ಯೋಚಿಸಿ. ಒಂದರಿಂದ ಮೂರು ವರ್ಷ ಕಾಡಿದರೂ ಬಹುಪಾಲು ಮಂದಿಗೆ ಇದು ಆಪರೇಷನ್ ಇಲ್ಲದೆಯೇ ಸಡಿಲವಾಗುತ್ತದೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ 503 ಜನರಿಗೆ ಮೂರು ಬಗೆಯ ಚಿಕಿತ್ಸೆ ಕೊಟ್ಟು ನೋಡಿದರು. ಕೀಹೋಲ್ ಮೂಲಕ ಚೀಲ ಬಿಡಿಸೋದು, ಅರಿವಳಿಕೆ ಕೊಟ್ಟು ಕೈ ತಿರುಗಿಸೋದು, ಇಂಜೆಕ್ಷನ್ ಜೊತೆ ಫಿಸಿಯೊಥೆರಪಿ. ಒಂದು ವರ್ಷದ ಹೊತ್ತಿಗೆ ಯಾವುದೂ ಇನ್ನೊಂದಕ್ಕಿಂತ ಬಹಳ ಮೇಲು ಅಂತ ಕಾಣಲಿಲ್ಲ. ಹಾಗಾಗಿ ಮೊದಲು ಸರಳವಾದದ್ದು. ತಿಂಗಳುಗಟ್ಟಲೆ ಮಾಡಿಯೂ ಸಡಿಲವಾಗದಿದ್ದರೆ ಮಾತ್ರ ಕೀಹೋಲ್. ಶುಗರ್ ಇದ್ದವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ಶುಗರ್ ಏರುತ್ತದೆ. ಮನೆಯಲ್ಲಿ ನೋಡಿಕೊಳ್ಳಬೇಕು, ಡಾಕ್ಟರಿಗೆ ಮೊದಲೇ ಹೇಳಬೇಕು.

*ಮೂರು, ಹುರಿ ಹರಿಯೋದು.* ಇದರಲ್ಲೂ ಎರಡು ಬಗೆ. ವಯಸ್ಸಾದಂತೆ ಹಗ್ಗ ಸವೆಯುವ ಹಾಗೆ ನಿಧಾನಕ್ಕೆ ಸವೆದು ಹರಿಯೋದು ಒಂದು. ಇಂಥವರಿಗೆ ಮೊದಲು ಮೂರು ತಿಂಗಳು ಸರಿಯಾದ ವ್ಯಾಯಾಮ. ಅಮೆರಿಕದ ಅಧ್ಯಯನವೊಂದರಲ್ಲಿ, ಪೆಟ್ಟು ಬೀಳದೆಯೇ ಹುರಿ ಪೂರ್ತಿ ಹರಿದವರಿಗೆ ವ್ಯಾಯಾಮ ಮಾಡಿಸಿದಾಗ ಎರಡು ವರ್ಷದಲ್ಲಿ ನಾಲ್ವರಲ್ಲಿ ಮೂವರು ಆಪರೇಷನ್ ಇಲ್ಲದೆಯೇ ಸುಧಾರಿಸಿಕೊಂಡರು.

ಇನ್ನೊಂದು ಬಗೆ, ಬಿದ್ದಾಗ ಅಥವಾ ಭಾರ ಎತ್ತುವಾಗ ಒಮ್ಮೆಲೇ ಹರಿಯೋದು. ನಿನ್ನೆವರೆಗೂ ಎದ್ದ ಕೈ ಇವತ್ತು ಏಳೋದೇ ಇಲ್ಲ. ಇಲ್ಲಿ ಕಾಯುವಂತಿಲ್ಲ. ಹರಿದ ಹುರಿ ದಿನ ಕಳೆದಂತೆ ಹಿಂದಕ್ಕೆ ಸರಿಯುತ್ತದೆ, ಅದರ ಮಾಂಸಖಂಡ ಸೊರಗಿ ಕೊಬ್ಬಾಗುತ್ತದೆ. ಆಮೇಲೆ ಎಳೆದು ಹೊಲಿಯೋದು ಕಷ್ಟ. ಕೆಲವೇ ವಾರಗಳೊಳಗೆ ಮೂಳೆ ತಜ್ಞರ ಮುಂದಿರಬೇಕು. ಎಣ್ಣೆ ಹಚ್ಚುತ್ತಾ ಎರಡು ತಿಂಗಳು ಕಳೆಯೋದು ನಷ್ಟ ಮಾಡೋದು ಇಲ್ಲೇ.

*ನಾಲ್ಕು, ಭುಜ ಜಾರೋದು.* ಇದು ಹುಡುಗರ ಸಮಸ್ಯೆ. 20ರ ಆಸುಪಾಸಿನಲ್ಲಿ ಒಮ್ಮೆ ಜಾರಿದರೆ ಮತ್ತೆ ಜಾರುವ ಸಂಭವ ಬಹಳ. ಪ್ರತಿ ಸಲ ಜಾರಿದಾಗಲೂ ತಟ್ಟೆಯ ಅಂಚು, ಮೂಳೆ ಇನ್ನಷ್ಟು ಸವೆಯುತ್ತವೆ. ಕೀಹೋಲ್ ಸರ್ಜರಿ ನಿಜಕ್ಕೂ ಉಪಕಾರ ಮಾಡೋದು ಇಲ್ಲಿ. ಕಿತ್ತುಬಂದ ಅಂಚನ್ನು ಮತ್ತೆ ಮೂಳೆಗೆ ಕೂರಿಸ್ತಾರೆ. ಮೂಳೆ ತೀರ ಸವೆದಿದ್ದರೆ ಬೇರೆ ಆಪರೇಷನ್ ಬೇಕಾಗುತ್ತದೆ. ಒಂದು ಎಚ್ಚರ: ಮೈದಾನದಲ್ಲಿ ಜಾರಿದ ಕೈಯನ್ನು ಗೆಳೆಯರಾಗಲಿ, ಊರಿನ ಎಲುಬು ಕೂಡಿಸುವವರಾಗಲಿ ಜಗ್ಗಿ ಕೂರಿಸಬಾರದು. ಮೂಳೆ ಮುರಿದಿರಬಹುದು, ನರಕ್ಕೆ ಪೆಟ್ಟಾಗಬಹುದು. ಕೈಯನ್ನು ಟವೆಲ್‌ನಿಂದ ಎದೆಗೆ ಕಟ್ಟಿ ಆಸ್ಪತ್ರೆಗೆ ನಡೆಯಿರಿ. ಮೊದಲು ಎಕ್ಸ್‌ರೇ, ಆಮೇಲೆ ಕೂರಿಸೋದು.

ವಿಡಿಯೊ ಕಾಲ್‌ನಲ್ಲೇ ಒಂದು ಪರೀಕ್ಷೆ

ಬಿದ್ದ ಪೆಟ್ಟಿಲ್ಲದಿದ್ದರೆ ಹೀಗೆ ಮಾಡಿಸಿ. ಅಪ್ಪನಿಗೆ ಕೈ ತಾನೇ ಮೇಲೆತ್ತಲು ಹೇಳಿ. ಆಮೇಲೆ ತಮ್ಮನೋ ಅವ್ವನೋ ಆ ಕೈಯನ್ನು ನಿಧಾನವಾಗಿ ಎತ್ತಲಿ. ಬೇರೆಯವರು ಎತ್ತಿದರೂ ಅರ್ಧಕ್ಕೇ ನಿಂತರೆ ಭುಜ ಬಿಗಿದಿರಬಹುದು. ಬೇರೆಯವರು ಎತ್ತಿದಾಗ ಹೋಗಿ, ತಾನೇ ಎತ್ತಲು ಆಗದಿದ್ದರೆ ಹುರಿ ಹರಿದಿರಬಹುದು. ಇದರಿಂದ ರೋಗ ತೀರ್ಮಾನವಾಗೋದಿಲ್ಲ. ಆದರೆ ಡಾಕ್ಟರ ಹತ್ತಿರ ಹೇಳೋಕೆ, ಎಷ್ಟು ಅವಸರ ಮಾಡಬೇಕು ಅಂತ ತಿಳಿಯೋಕೆ ಸಾಕು.

ಎಂಆರ್‌ಐ ರಿಪೋರ್ಟಿನಲ್ಲಿ “ಟೇರ್” ಅನ್ನೋ ಪದ ನೋಡಿ ಗಾಬರಿಯಾಗಬೇಡಿ. 1995ರಲ್ಲಿ ಅಮೆರಿಕದಲ್ಲಿ ನೋವೇ ಇಲ್ಲದ ಜನರ ಭುಜಗಳನ್ನು ಸ್ಕ್ಯಾನ್ ಮಾಡಿದಾಗ, 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹುರಿಯಲ್ಲಿ ಹರಿತ ಕಂಡಿತು. ಚಿಕಿತ್ಸೆ ಮನುಷ್ಯನಿಗೆ, ಫಿಲ್ಮಿಗಲ್ಲ. ಕೈ ಹಿಡಿದು, ತಿರುಗಿಸಿ ನೋಡದೆ ಬರೀ ರಿಪೋರ್ಟ್ ಓದಿ ಆಪರೇಷನ್ ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಇನ್ನೂ ಒಂದು. ಎಡ ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದು ಹೃದಯದ್ದಿರಬಹುದು. ಆಗ ಮೂಳೆ ಡಾಕ್ಟರನ್ನು ಹುಡುಕುತ್ತಾ ಕೂರಬೇಡಿ, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ತೂತಿನ ಮೂಲಕ ಏನು ಮಾಡ್ತಾರೆ?

1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ ಎಂಬ ಡಾಕ್ಟರು ಮೂತ್ರಕೋಶ ನೋಡುವ ಕೊಳವೆಯನ್ನು ಶವದ ಮೊಣಕಾಲಿನೊಳಗೆ ತೂರಿಸಿ ನೋಡಿದರು. 1931ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವಗಳ ಭುಜದೊಳಗೂ ಇಣುಕಿದರು. ಸಣ್ಣ ಕ್ಯಾಮೆರಾ, ಒಳ್ಳೆಯ ಬೆಳಕು ಬಂದ ಮೇಲೆ, 1980ರ ದಶಕದಿಂದ ಈಚೆಗೆ ಇದು ದಿನನಿತ್ಯದ ಆಪರೇಷನ್ ಆಯಿತು.

ಈಗ ಭುಜದ ಸುತ್ತ ಒಂದು ಸೆಂಟಿಮೀಟರಿಗಿಂತ ಸಣ್ಣ ಎರಡರಿಂದ ನಾಲ್ಕು ತೂತು ಮಾಡ್ತಾರೆ. ಒಂದರಲ್ಲಿ ಪೆನ್ಸಿಲ್‌ಗಿಂತ ತೆಳುವಾದ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ. ಒಳಗೆ ಸಲೈನ್ ನೀರು ತುಂಬಿಸಿ ಜಾಗ ಬಿಡಿಸಿ, ಟಿವಿ ಪರದೆ ನೋಡುತ್ತಾ ಕೆಲಸ. ಹರಿದ ಹುರಿಯನ್ನು ಮೂಳೆಗೆ ಹೊಲಿಯೋಕೆ ದಾರ ಕಟ್ಟಿದ ಪುಟ್ಟ ಮೊಳೆ ಹಾಕ್ತಾರೆ, ಅದಕ್ಕೆ ಆಂಕರ್ ಅಂತ ಹೆಸರು. ಬಿಲ್ಲಿನಲ್ಲಿ ದೊಡ್ಡ ಮೊತ್ತವಾಗಿ ಕಾಣೋದು ಹೆಚ್ಚಾಗಿ ಇದೇ. ಪೂರ್ತಿ ಅರಿವಳಿಕೆ ಕೊಟ್ಟು, ಜೊತೆಗೆ ಕುತ್ತಿಗೆಯ ಬಳಿ ಕೈಯ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್ ಕೂಡ ಕೊಡೋದುಂಟು. ಒಂದೆರಡು ಗಂಟೆಯ ಕೆಲಸ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆ.

ದೊಡ್ಡ ಗಾಯಕ್ಕಿಂತ ಇದರಲ್ಲಿ ಮೊದಲ ದಿನಗಳ ನೋವು ಕಡಿಮೆ, ಕಲೆ ಸಣ್ಣದು. ಆದರೆ ಹರಿದ ಹುರಿಯನ್ನು ತೆರೆದು ಹೊಲಿದವರನ್ನೂ ಕೀಹೋಲ್‌ನಲ್ಲಿ ಹೊಲಿದವರನ್ನೂ ಹೋಲಿಸಿ ಬ್ರಿಟನ್ನಿನಲ್ಲಿ 273 ಜನರ ಅಧ್ಯಯನ ನಡೆಯಿತು. ಎರಡು ವರ್ಷದ ನಂತರ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ತೂತಿನ ಅಳತೆಗಿಂತ ಒಳಗಿನ ಹೊಲಿಗೆ ಹಿಡಿಯುತ್ತಾ ಅನ್ನೋದೇ ಮುಖ್ಯ.

ಹಿಡಿಯದೇ ಹೋಗೋದೂ ಇದೆ. ವಯಸ್ಸು ಹೆಚ್ಚಿದಷ್ಟೂ, ಹರಿತ ದೊಡ್ಡದಾದಷ್ಟೂ ಹೊಲಿಗೆ ಮತ್ತೆ ಬಿಡುವ ಸಂಭವ ಹೆಚ್ಚು. ಬೀಡಿ, ಸಿಗರೇಟು, ಹಿಡಿತವಿಲ್ಲದ ಶುಗರ್ ಮಾಯೋದನ್ನು ತಡೆಯುತ್ತವೆ. ಭುಜ ಬಿಗಿಯೋದು, ಅಪರೂಪಕ್ಕೆ ಸೋಂಕು, ನರಕ್ಕೆ ಪೆಟ್ಟು ಕೂಡ ಆಗಬಹುದು.

ಒಂದು ಬೆಳೆಯಷ್ಟು ಕಾಲ

ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಕೆ.ಎಲ್. ರಾಹುಲ್ 2017ರ ಆಸ್ಟ್ರೇಲಿಯಾ ಸರಣಿಯಲ್ಲಿ ಎಡ ಭುಜ ನೋಯಿಸಿಕೊಂಡರು. ಹಾಗೇ ಆಡಿ ಆರು ಅರ್ಧಶತಕ ಹೊಡೆದರು, ಆಮೇಲೆ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ. ಐಪಿಎಲ್ ತಪ್ಪಿತು, ಜೂನ್‌ನ ಚಾಂಪಿಯನ್ಸ್ ಟ್ರೋಫಿ ತಪ್ಪಿತು. ಮತ್ತೆ ಟೆಸ್ಟ್ ಆಡಿದ್ದು ಆಗಸ್ಟ್‌ನಲ್ಲಿ. ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆ ಪ್ರಸಿದ್ಧ ಆಸ್ಟ್ರೇಲಿಯಾ ಸರಣಿಯನ್ನು ಪೂರ್ತಿ ಹೊರಗೆ ಕೂತು ನೋಡಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ತಮ್ಮ 300ನೇ ಟೆಸ್ಟ್ ವಿಕೆಟ್ ಪಡೆದರು, ಮುಗಿಸಿದ್ದು 619ಕ್ಕೆ. ಭುಜ ವಾಪಸ್ ಬರುತ್ತದೆ. ಆದರೆ ದಿನವೂ ಜೊತೆಗಿರುವ ಫಿಸಿಯೊ ಇದ್ದವರಿಗೂ ತಿಂಗಳುಗಳೇ ಹಿಡಿದವು.

ಹುರಿ ಹೊಲಿದ ಮೇಲೆ ಅಪ್ಪನ ದಿನಚರಿ ಸುಮಾರಾಗಿ ಹೀಗಿರುತ್ತದೆ. ಡಾಕ್ಟರಿಂದ ಡಾಕ್ಟರಿಗೆ ಸ್ವಲ್ಪ ಬದಲಾಗಬಹುದು.

- ಮೊದಲ 4–6 ವಾರ ಕೈ ಜೋಳಿಗೆಯಲ್ಲಿ, ರಾತ್ರಿ ಮಲಗುವಾಗಲೂ. ದಿಂಬಿಗೆ ಒರಗಿ ಅರೆಕುಳಿತು ನಿದ್ದೆ. ಬೈಕ್ ಇಲ್ಲ, ಟ್ರ್ಯಾಕ್ಟರ್ ಇಲ್ಲ.
- 6ರಿಂದ 12 ವಾರ ಕೈ ತಾನೇ ಎತ್ತೋದನ್ನು ಕಲಿಯುವ ಕಾಲ. ಚಹಾ ಕಪ್ಪಿಗಿಂತ ಭಾರದ್ದು ಎತ್ತುವಂತಿಲ್ಲ.
- 3 ತಿಂಗಳ ನಂತರ ಶಕ್ತಿ ತುಂಬುವ ವ್ಯಾಯಾಮ.
- ಚೀಲ, ಪಂಪು, ಸಲಿಕೆ ಕೆಲಸ ಸುಮಾರು 6 ತಿಂಗಳ ಮೇಲೆ, ಅದೂ ಡಾಕ್ಟರು ನೋಡಿ ಹೇಳಿದ ಮೇಲೆ.

ಸೋನಾ ಮಸೂರಿ ಸಸಿಮಡಿಯಿಂದ ಕೊಯ್ಲಿಗೆ ಬರೋಕೆ ಐದು ತಿಂಗಳು ಬೇಕಲ್ಲ, ಹೊಲಿದ ಹುರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಅಪ್ಪನಿಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ. ನಾಟಿ ಮಾಡಿದ ಮರುವಾರ ಯಾರೂ ಸಸಿ ಕಿತ್ತು ಬೇರು ಹಿಡೀತಾ ಅಂತ ನೋಡೋದಿಲ್ಲ. ನೋವು ಕಡಿಮೆಯಾಯ್ತು ಅಂತ ಒಂದೂವರೆ ತಿಂಗಳಿಗೇ ಚೀಲಕ್ಕೆ ಕೈ ಹಾಕೋದೂ ಅಷ್ಟೇ ತಪ್ಪು. ಹೊಲಿಗೆ ಬಿಡೋದು ಆವಾಗಲೇ.

ಹಾಗಾಗಿ ಅವಸರವಿಲ್ಲದ ಹರಿತವಾದರೆ ದಿನಾಂಕವನ್ನು ಪಂಚಾಂಗಕ್ಕಿಂತ ಬೆಳೆ ನೋಡಿ ಇಡಿ. ಮುಂಗಾರು ಭತ್ತ ಡಿಸೆಂಬರಿನೊಳಗೆ ಕೊಯ್ದ ಮೇಲೆ ಮಾಡಿಸಿದರೆ ಜುಲೈ ನಾಟಿಯ ಹೊತ್ತಿಗೆ ಆರು ತಿಂಗಳು ದಾಟಿರುತ್ತದೆ. ಎರಡನೇ ಬೆಳೆಗೆ ಕಾಲುವೆ ನೀರು ಬಂದರೂ ಆ ಸಲ ಹೊಲ ನೋಡಿಕೊಳ್ಳೋರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ. ದಿನಗೂಲಿಯ ಮನೆಯಾದರೆ ಆರು ತಿಂಗಳ ಕೂಲಿಯೂ ಆಪರೇಷನ್ ಖರ್ಚೇ. ಒಮ್ಮೆಲೇ ಹರಿದದ್ದಾದರೆ ಮಾತ್ರ ಬೆಳೆಗೆ ಕಾಯಬೇಡಿ.

ಆಪರೇಷನ್ ಎಲ್ಲಾದರೂ ಆಗಲಿ, ವ್ಯಾಯಾಮ ನಡೆಯೋದು ಸಾಲಗುಂದದ ಮನೆಯಲ್ಲಿ. ಡಿಸ್ಚಾರ್ಜ್ ದಿನವೇ ಫಿಸಿಯೊಥೆರಪಿಸ್ಟ್ ತೋರಿಸುವ ಪ್ರತಿ ವ್ಯಾಯಾಮವನ್ನೂ ವಿಡಿಯೊ ಮಾಡಿಕೊಳ್ಳಿ. ಬಾಗಿ ಕೈ ಜೋತುಬಿಟ್ಟು ತೂಗೋದು, ಗೋಡೆ ಮೇಲೆ ಬೆರಳಿನಿಂದ ಹತ್ತೋದು, ತೊಲೆಗೆ ರಾಟೆ ಕಟ್ಟಿ ಒಳ್ಳೆಯ ಕೈಯಿಂದ ನೋಯುವ ಕೈ ಎಳೆಯೋದು. ಇವಕ್ಕೆ ಜಿಮ್ ಬೇಡ. ಯಾವುದನ್ನು ಯಾವ ವಾರ ಶುರು ಮಾಡಬೇಕು ಅನ್ನೋದನ್ನು ಬರೆಸಿಕೊಂಡು ಬನ್ನಿ.

ದುಡ್ಡಿನ ಮಾತು

ಮೂಳೆ ತಜ್ಞರಿಗೆ ಬೆಂಗಳೂರಿಗೇ ಬರಬೇಕೆಂದಿಲ್ಲ. ರಾಯಚೂರಿನ ರಿಮ್ಸ್, ಕೊಪ್ಪಳ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹತ್ತಿರದಲ್ಲೇ ಇವೆ. ಭುಜದ ಆರ್ತ್ರೊಸ್ಕೊಪಿ ಅಲ್ಲಿ ಮಾಡ್ತಾರಾ ಅಂತ ಫೋನ್ ಮಾಡಿ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗೋದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅಪ್ಪ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆ ನೋಡಿ. ಅದರ ನೋಂದಣಿಗೆ ಗಡುವು ಇರುತ್ತದೆ, ನೋವು ಬಂದ ಮೇಲೆ ಓಡಿದರೆ ಆಗೋದಿಲ್ಲ. ನಿಮ್ಮ ಕಂಪನಿಯ ವಿಮೆಯಲ್ಲಿ ತಂದೆ-ತಾಯಿ ಇದ್ದಾರಾ, ಆಂಕರ್ ಖರ್ಚು ಪೂರ್ತಿ ಕೊಡ್ತಾರಾ, ಫಿಸಿಯೊಥೆರಪಿ ಸೇರುತ್ತಾ ಅಂತ ಎಚ್‌ಆರ್‌ಗೆ ಇವತ್ತೇ ಒಂದು ಮೇಲ್ ಹಾಕಿ.

ಡಾಕ್ಟರಿಗೆ ಕೇಳಬೇಕಾದ ಆರು ಪ್ರಶ್ನೆ

1. ನಾಲ್ಕರಲ್ಲಿ ಇದು ಯಾವ ತೊಂದರೆ? ಕೈ ಪರೀಕ್ಷೆಯೂ ಸ್ಕ್ಯಾನೂ ಒಂದನ್ನೇ ಹೇಳ್ತಿವೆಯಾ?
2. ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದರೆ ನಷ್ಟ ಇದೆಯಾ?
3. ಈ ವಯಸ್ಸಿಗೆ, ಈ ಹರಿತಕ್ಕೆ ಹೊಲಿಗೆ ಹಿಡಿಯುವ ಸಂಭವ ಎಷ್ಟು?
4. ಎಷ್ಟು ಆಂಕರ್, ಒಂದಕ್ಕೆ ಎಷ್ಟು?
5. ಶುಗರ್, ಬಿಪಿ, ತಂಬಾಕು: ಮೊದಲು ಏನು ಸರಿ ಮಾಡಿಕೊಳ್ಳಬೇಕು?
6. ಜೋಳಿಗೆ ಎಷ್ಟು ವಾರ, ಭಾರದ ಕೆಲಸ ಯಾವ ತಿಂಗಳಿಂದ?

ಉತ್ತರಗಳನ್ನು ಬರೆದುಕೊಂಡು ಅಪ್ಪನ ಮುಂದೆ ಓದಿ. ಭುಜ ಅವರದು, ಹೊಲ ಅವರದು, “ಹೂಂ” ಅನ್ನಬೇಕಾದವರೂ ಅವರೇ. ನಿಮ್ಮ ಕೆಲಸ ಬೇರೆ ಇದೆ. ಆಪರೇಷನ್ ದಿನಕ್ಕೆ ಒಂದು ರಜೆ ಹಾಕೋದು ಎಲ್ಲರೂ ಮಾಡ್ತಾರೆ. ಆಗಿ ಒಂದೂವರೆ ತಿಂಗಳಿಗೆ, ಜೋಳಿಗೆ ತೆಗೆಯುವ ವಾರ, ನೋವು ಹೋಗಿ ಧೈರ್ಯ ಬಂದಿರುವ ಆ ಹೊತ್ತಿಗೆ ಇನ್ನೊಂದು ವಾರ ರಜೆ ಉಳಿಸಿಕೊಳ್ಳಿ. ಅಪ್ಪ ಚೀಲ ಎತ್ತದಂತೆ ನೋಡಿಕೊಳ್ಳೋಕೆ ಮನೆಯಲ್ಲಿ ಒಬ್ಬರು ಬೇಕಾಗೋದು ಆವಾಗಲೇ.